ಶ್ರುತಿ ಕಾಯುವವಳು

ಪ್ರತಿ ಪದ್ಯ ಮುಗಿದ ಕೂಡಲೇ ಅಕ್ಕ ಎಡಕ್ಕೆ ತಿರುಗಿ ನೋಡುತ್ತಿದ್ದಳು.

ಅಲ್ಲಿ, ವೇದಿಕೆಯ ದೀಪಗಳ ಬೆಳಕು ಬೀಳದ ಮೂಲೆಯಲ್ಲಿ, ತಂಗಿ ನಿಂತಿರುತ್ತಿದ್ದಳು. ಅವಳ ಮುಂದೆ ಮರದ ಚೌಕಟ್ಟಿನ ಪೆಟ್ಟಿಗೆ. ಅದರ ಮುಖದ ತುಂಬ ನಾಬ್‌ಗಳು, ತೂತುಗಳು, ತೂತಿನಿಂದ ತೂತಿಗೆ ಹಾದುಹೋದ ವಯರುಗಳು. ಅಕ್ಕನ ಮುಂದಿದ್ದ ಕೀಬೋರ್ಡಿನ ಸದ್ದು ಹುಟ್ಟುತ್ತಿದ್ದದ್ದು ಈ ಪೆಟ್ಟಿಗೆಯೊಳಗೆ. ಬಹಳ ಹಳೆಯ ಸಿಂಥಸೈಜರ್ ಅದು. ಇವತ್ತು ಹೊಂದಿಸಿದ ಸದ್ದು ನಾಳೆಗೆ ಅದರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ, ಬಿಸಿಯಾದರೆ ಶ್ರುತಿಯೂ ನಿಲ್ಲುತ್ತಿರಲಿಲ್ಲ. ತಂಗಿ ಒಂದು ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು, ಶ್ರುತಿ ಎಷ್ಟು ಜಾರಿದೆ ಎಂದು ಕೇಳಿ, ಒಂದು ನಾಬ್ ಅನ್ನು ತುಸುವೇ ತಿರುಗಿಸಿ ತಲೆಯಾಡಿಸುತ್ತಿದ್ದಳು. ಆಮೇಲೆಯೇ ಅಕ್ಕ ಮುಂದಿನ ಪದ್ಯ ಎತ್ತಿಕೊಳ್ಳುತ್ತಿದ್ದದ್ದು.

ಕೇಳುಗರಿಗೆ ಇದೆಲ್ಲ ಕಾಣುತ್ತಿರಲಿಲ್ಲ. ಪದ್ಯಕ್ಕೂ ಪದ್ಯಕ್ಕೂ ನಡುವೆ ಬರುವ ಆ ನಿಶ್ಶಬ್ದವನ್ನು ಅವರು ಅಕ್ಕನ ಕಲೆ ಎಂದು ತಿಳಿದಿದ್ದರು. ಮೌನವನ್ನೂ ಓದಬಲ್ಲವಳು ಎಂದು ಯಾರೋ ಪತ್ರಿಕೆಯಲ್ಲಿ ಬರೆದೂ ಬಿಟ್ಟಿದ್ದರು. ತಂಗಿ ಆ ಸಾಲನ್ನು ಓದಿ ಪತ್ರಿಕೆ ಮಡಚಿಟ್ಟಿದ್ದಳು. ಆ ಮೌನ ಯಾರದ್ದು ಎಂದು ಅವಳಿಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅಷ್ಟು ಸಾಕಾಗಿತ್ತು. ತಿಂಗಳಿಗೊಂದೋ ಎರಡೋ ಕಾರ್ಯಕ್ರಮ, ಕಾರ್ಯಕ್ರಮದಲ್ಲಿ ಹಲವು ಪದ್ಯ, ಪ್ರತಿ ಪದ್ಯದ ಕೊನೆಗೂ ಅಕ್ಕನ ಒಂದು ನೋಟ. ದೇವರ ಮುಂದೆ ಕೂತಾಗಲೂ ತಂಗಿ ಬೇರೇನನ್ನೂ ಕೇಳಿಕೊಂಡವಳಲ್ಲ.

ಮನೆಯಲ್ಲಿ ಅವಳನ್ನು 'ಕಿವಿ' ಎಂದು ಕರೆಯುತ್ತಿದ್ದರು. ಅಮ್ಮ ಇದ್ದಾಗ ಸಂಜೆಯ ಪ್ರಾರ್ಥನೆ ಮುಗಿಸಿ ಪದ್ಯ ಓದುತ್ತಿದ್ದಳು. ಅಪ್ಪ ತಾನು ಕೆಲಸ ಮಾಡುತ್ತಿದ್ದ ಧ್ವನಿಮುದ್ರಣ ಸ್ಟುಡಿಯೋ ಮುಚ್ಚಿದಾಗ ಹೊತ್ತು ತಂದಿದ್ದ ಈ ಪೆಟ್ಟಿಗೆಯಿಂದ ಒಂದೇ ಸ್ವರ ಹಿಡಿದು ಕೂರುತ್ತಿದ್ದ. ಹಿರಿಯವಳು ಅಮ್ಮನ ಜೊತೆ ದನಿಗೂಡಿಸುತ್ತಿದ್ದಳು. ಕಿರಿಯವಳು ಬಾಯಿ ತೆರೆದರೆ ಒಡಕು ದನಿ. ಅವಳು ಸುಮ್ಮನೆ ಕೇಳುತ್ತಿದ್ದಳು. ಒಂದು ಅಕ್ಷರ ಆಚೀಚೆಯಾದರೂ ಕಣ್ಣು ತೆರೆದು ಅಮ್ಮನ ಮುಖ ನೋಡುತ್ತಿದ್ದಳು. "ದೊಡ್ಡವಳಿಗೆ ನನ್ನ ಗಂಟಲು, ಚಿಕ್ಕವಳಿಗೆ ನನ್ನ ಕಿವಿ," ಎಂದು ಅಮ್ಮ ನಗುತ್ತಿದ್ದಳು. ಹಂಚಿದ್ದು ಸಮ ಎಂದು ಅವಳ ನಂಬಿಕೆ. ಕಿವಿಗೆ ಯಾವತ್ತೂ ಹಾಗೆ ಅನ್ನಿಸಿರಲಿಲ್ಲ. ಬೆಳೆದ ಮೇಲೆ ಅವಳು, ಸ್ಟುಡಿಯೋ ಮುಚ್ಚಿದ ಬಳಿಕ ಅಪ್ಪ ತೆರೆದಿದ್ದ ರಿಪೇರಿ ಅಂಗಡಿಯನ್ನು ವಹಿಸಿಕೊಂಡಳು, ಅಕ್ಕ ಅಮ್ಮನ ಪದ್ಯಗಳನ್ನು ವೇದಿಕೆಗೆ ಒಯ್ದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಗಡಿಯಾರ ಬಂದ.

ಗಡಿಯಾರ ಎಂದರೆ ಡ್ರಮ್ಸ್ ಬಾರಿಸುವವನು. ಲಯ ಕೂದಲಷ್ಟೂ ಅಲುಗುತ್ತಿರಲಿಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಊಟಕ್ಕೂ. ಹೆಸರಿಟ್ಟದ್ದು ಅಕ್ಕನ ಗಂಡ. ಒಂದು ವರ್ಷದಿಂದ ಅವನು ಅಕ್ಕನ ಜೊತೆ ಬಾರಿಸುತ್ತಿದ್ದ. ಕಿವಿಗೆ ಅವನ ಬಾರಿಸುವಿಕೆಯಲ್ಲಿ ತಪ್ಪು ಸಿಕ್ಕಿರಲಿಲ್ಲ, ಸಿಗದೇ ಇದ್ದದ್ದೇ ದೊಡ್ಡ ತಪ್ಪಾಗಿ ಕಂಡಿತ್ತು. ಅದಕ್ಕಿಂತ ಹೆಚ್ಚಾಗಿ, ಅವನೂ ಅಕ್ಕನನ್ನು 'ಅಕ್ಕ' ಎಂದೇ ಕರೆಯುತ್ತಿದ್ದ.

ಒಂದು ದಿನ ಬೆಳಿಗ್ಗೆ ಅಕ್ಕ, ಗಡಿಯಾರ ಇಬ್ಬರೂ ಒಟ್ಟಿಗೆ ಅಂಗಡಿಗೆ ಬಂದರು. ಕಿವಿ ಒಂದು ರೇಡಿಯೋದ ಹೊಟ್ಟೆ ಬಗೆದು ಕೂತಿದ್ದಳು. ಹಿಂದಿನ ದಿನದ ಬೆಸುಗೆಯ ವಾಸನೆ ಇನ್ನೂ ಅಂಗಡಿಯಲ್ಲಿ ಉಳಿದಿತ್ತು.

"ಕಿವಿ, ಒಂದು ಮಾತಿದೆ," ಎಂದಳು ಅಕ್ಕ, ಸ್ಟೂಲಿನ ಮೇಲಿದ್ದ ಸ್ಕ್ರೂ ಡಬ್ಬಿ ಎತ್ತಿಟ್ಟು ಕೂರುತ್ತ.

"ಹೇಳು."

"ಹೊಳೆಯ ಪದ್ಯ ಓದಬೇಕು ಅಂತಿದೀನಿ."

ಕಿವಿಯ ಕೈ ನಿಂತಿತು. ಹೊಳೆಯ ಪದ್ಯ ಅಮ್ಮನದು. ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿ ತುಂಬಿ ಬರುವ ಹೊಳೆಯ ಜೊತೆ ಮಾತಾಡುವ ಪದ್ಯ. *ತಡೆಯೆ ಹೊಳೆಯೆ ತುಸುವೆ ಹೊತ್ತು, ಮಡಿಲ ಕೂಸು ಮಲಗಿದೆ* ಎಂದು ಶುರುವಾದರೆ ಮುಗಿಯುವವರೆಗೆ ಎಲ್ಲಿಯೂ ನಿಲ್ಲುವಂತಿಲ್ಲ. ಒಂದು ಸಾಲಿನ ಕೊನೆಯೇ ಮುಂದಿನ ಸಾಲಿನ ಕೈ ಹಿಡಿದುಕೊಂಡಿರುತ್ತದೆ. ಅಮ್ಮ ಅದನ್ನು ಓದುವಾಗ ನೆರೆಮನೆಯವರು ಕೂಡ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಕ್ಕ ಅದನ್ನು ವೇದಿಕೆಯಲ್ಲಿ ಒಮ್ಮೆಯೂ ಓದಿರಲಿಲ್ಲ.

"ಅದರಲ್ಲಿ ನಿಲ್ಲೋ ಜಾಗವೇ ಇಲ್ಲವಲ್ಲ. ಶ್ರುತಿ ಸರಿ ಮಾಡೋದು ಯಾವಾಗ?" ಎಂದಳು ಕಿವಿ.

"ಅದಕ್ಕೇ ಬಂದದ್ದು." ಅಕ್ಕ ಗಡಿಯಾರನ ಕಡೆ ನೋಡಿದಳು. ಅವನ ಕಡೆ ನೋಡಿದ್ದನ್ನು ಕಿವಿ ನೋಡಿದಳು.

"ಏನಿಲ್ಲ ಚಿಕ್ಕಕ್ಕ," ಎಂದ ಗಡಿಯಾರ, ಮೇಜಿನ ಅಂಚಿಗೆ ಬೆರಳಲ್ಲಿ ತಾಳ ತಟ್ಟುತ್ತ. "ಹಳೇ ಪೆಟ್ಟಿಗೆಗಳಿಗೆ ಈಗ ಜನ ಹೊಸ ಸರ್ಕ್ಯೂಟ್ ಬೋರ್ಡ್ ಕೂರಿಸ್ತಾರಂತೆ. ಕಾಲಲ್ಲಿ ಒತ್ತಿದ್ರೆ ಸದ್ದು ಬದಲಾಗುತ್ತೆ, ಶ್ರುತಿ ತನ್ನಷ್ಟಕ್ಕೆ ತಾನೇ ನಿಲ್ಲುತ್ತೆ. ನೀವು ಪಾಪ ಕತ್ತಲಲ್ಲಿ ನಿಂತು ಕಾಯೋದೂ ತಪ್ಪುತ್ತೆ."

"ನಾನು ನಿಮಗೆ ಯಾವ ಕಡೆಯಿಂದ ಅಕ್ಕ?"

"ಅವರು ಅಕ್ಕ ಆದ್ರೆ ನೀವು ಚಿಕ್ಕಕ್ಕ ತಾನೆ?"

"ಅವಳು ಅಕ್ಕ ನನಗೆ. ಬೆರಳು ತೆಗೀರಿ, ಅಲ್ಲಿ ಸಾಲ್ಡರಿಂಗ್ ಐರನ್ ಬಿಸಿ ಇದೆ."

ಬಿಸಿ ಇರಲಿಲ್ಲ. ಅವನು ಬೆರಳು ತೆಗೆದ.

"ಬೇರೆ ಯಾರ ಕೈಗೂ ಅದನ್ನ ಕೊಡಲ್ಲ ನಾನು," ಎಂದಳು ಅಕ್ಕ. "ನೀನೇ ಮಾಡಬೇಕು. ನಿನ್ನಿಂದ ಆಗುತ್ತಾ?"

ಆಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಗಡಿಯಾರ ಎದುರಿಗೆ ನಿಂತಿದ್ದ. "ಆಗದೆ ಏನು?" ಎಂದಳು ಕಿವಿ.

ಪೆಟ್ಟಿಗೆ ಅಂಗಡಿಗೆ ಬಂತು. ಕಿವಿ ಹಿಂದಿನ ಹಲಗೆ ಕಳಚಿ, ಒಳಗಿನ ಧೂಳನ್ನು ಮೆತ್ತನೆಯ ಕುಂಚದಿಂದ ಒರೆಸಿ, ಕೆಲಸ ಶುರು ಮಾಡಿದಳು. ಪ್ರತಿ ನಾಬಿನ ಹಿಂದಿನಿಂದ ಒಂದೊಂದು ತೆಳು ವಯರು ಎಳೆದು ಹೊಸ ಬೋರ್ಡಿಗೆ ತಂದಳು. ಅಪ್ಪನ ಕೈಯ ಹಳೆಯ ಬೆಸುಗೆಗಳು ದಪ್ಪಗೆ, ಹೊಳಪು ಕಳೆದುಕೊಂಡು ಕೂತಿದ್ದವು. ಅವಳ ಬೆಸುಗೆ ಅವುಗಳ ಪಕ್ಕದಲ್ಲಿ ಮಿಂಚುತ್ತಿತ್ತು. ಕೆಲಸ ಚೆನ್ನಾಗಿ ಆಗುತ್ತಿತ್ತು. ಚೆನ್ನಾಗಿ ಆದಷ್ಟೂ ಅವಳು ನಿಧಾನ ಮಾಡಿದಳು. ಕಾಲಿಂದ ಒತ್ತುವ ಸ್ವಿಚ್ ಜೋಡಿಸಿ, ಒತ್ತಿ ನೋಡಿದಾಗ, ತಾನು ಎರಡು ಕೈಯಿಂದ ಪರದಾಡಿ ಹೊಂದಿಸುತ್ತಿದ್ದ ಸದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ನಿಂತಿತು. ಬೋರ್ಡು ಅವಳ ಅಂಗೈಗಿಂತ ಚಿಕ್ಕದಿತ್ತು. ಅಷ್ಟು ಚಿಕ್ಕ ವಸ್ತುವಿನ ಮೇಲೆ ಅಷ್ಟು ದೊಡ್ಡ ಹೊಟ್ಟೆಕಿಚ್ಚು ಪಡುವುದು ನಾಚಿಕೆಯ ವಿಷಯ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ.

ಕಾರ್ಯಕ್ರಮಗಳಿಗೆ ವ್ಯಾನ್ ಓಡಿಸುತ್ತಿದ್ದ ಅಕ್ಕನ ಗಂಡ ಒಂದು ದಿನ ಚಹಾ ತಂದುಕೊಟ್ಟು, ಪೆಟ್ಟಿಗೆಯೊಳಗೆ ಇಣುಕಿದ.

"ಏನಮ್ಮಾ, ನಿನ್ನ ಕೆಲಸ ನೀನೇ ಕಿತ್ಕೋತಿದೀಯ?"

ಭಾವ ತಮಾಷೆಗೆ ಅಂದದ್ದು. ಕಿವಿ ನಕ್ಕಳು. "ಮುಂದಿನ ತಿಂಗಳು ನಿಮಗೂ ಒಂದು ಬೋರ್ಡ್ ಮಾಡಿಕೊಡ್ತೀನಿ ಭಾವ. ವ್ಯಾನ್ ತನ್ನಷ್ಟಕ್ಕೆ ತಾನೇ ಓಡುತ್ತೆ."

"ಅಯ್ಯೋ ಬೇಡ ಕಣಮ್ಮ. ಆಮೇಲೆ ನಿಮ್ಮಕ್ಕ ನನ್ನನ್ನ ಯಾಕೆ ಇಟ್ಕೋತಾಳೆ?"

ಅವನು ಹೋದ ಮೇಲೆ ಚಹಾ ಆರಿತು. ಅವಳು ಕುಡಿಯಲಿಲ್ಲ.

ಕೊನೆಗೆ ಉಳಿದದ್ದು ಶ್ರುತಿಯ ಕೆಲಸ. ಪೆಟ್ಟಿಗೆಯ ಆಳದಲ್ಲಿ ಜೋಡಿ ಟ್ರಾನ್ಸಿಸ್ಟರುಗಳಿದ್ದವು. ಅವು ಬಿಸಿಯಾದಾಗಲೇ ಶ್ರುತಿ ಜಾರುತ್ತಿದ್ದದ್ದು. ಅವುಗಳ ಬೆನ್ನಿಗೆ ಶಾಖ ಗ್ರಹಿಸುವ ಒಂದು ಪುಟ್ಟ ಬಿಡಿಭಾಗವನ್ನು ಅಂಟಿಸಿದರೆ, ಅವು ಬಿಸಿಯಾದಷ್ಟೇ ಅದೂ ಬಿಸಿಯಾಗಿ, ಜಾರಿದ ಶ್ರುತಿಯನ್ನು ಹಿಂದಕ್ಕೆಳೆದು ನಿಲ್ಲಿಸುತ್ತದೆ. ಆದರೆ ಮೈಗೆ ಮೈ ತಾಗಿರಬೇಕು. ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಬಿಸಿ ತಲುಪುವುದು ತಡವಾಗಿ, ಶ್ರುತಿ ಅಷ್ಟರಲ್ಲಿ ಜಾರಿ ಹೋಗಿರುತ್ತದೆ. ಫ್ಯಾನ್ ತಿರುಗುವ ಅಂಗಡಿಯಲ್ಲಿ ಇದು ಗೊತ್ತಾಗುವುದಿಲ್ಲ. ವೇದಿಕೆಯ ದೀಪಗಳ ಕೆಳಗೆ ಗೊತ್ತಾಗುತ್ತದೆ.

ಕಿವಿ ಬಿಡಿಭಾಗವನ್ನು ಬೆಸೆದಳು. ಅದು ಟ್ರಾನ್ಸಿಸ್ಟರುಗಳ ಪಕ್ಕದಲ್ಲಿ, ಒಂದು ಕೂದಲೆಳೆ ದೂರದಲ್ಲಿ ನಿಂತಿತು. ಬೆರಳಿನಿಂದ ಒಂದಿಷ್ಟು ಬಾಗಿಸಿ, ಅಂಟು ಹಚ್ಚಿದರೆ ಆಯಿತು. ಅಂಟು ಕೈಗೆಟಕುವ ಡ್ರಾಯರಿನಲ್ಲಿತ್ತು. ಊಟ ಮಾಡಿ ಬಂದು ಹಚ್ಚಿದರಾಯಿತು ಎಂದುಕೊಂಡಳು. ಊಟ ಮಾಡಿ ಬಂದು, ಮೊದಲು ಒಂದು ಸಲ ಹೀಗೇ ಪರೀಕ್ಷೆ ಮಾಡೋಣ ಎಂದುಕೊಂಡಳು. ಪರೀಕ್ಷೆಯಲ್ಲಿ ಶ್ರುತಿ ನಿಂತಿತು. ನಿಂತಿದೆಯಲ್ಲ, ಮತ್ತೇಕೆ ಎಂದುಕೊಂಡು ಹಿಂದಿನ ಹಲಗೆ ಮುಚ್ಚಿ ಸ್ಕ್ರೂ ಬಿಗಿದಳು. ಅಷ್ಟು ಹೊತ್ತೂ ಅವಳು ತನ್ನ ಮನಸ್ಸಿನ ಕಡೆ ತಿರುಗಿ ನೋಡಲಿಲ್ಲ, ಬೀದಿಯಲ್ಲಿ ಬೇಡದವರು ಎದುರಾದಾಗ ಅಂಗಡಿಗಳ ನಾಮಫಲಕ ಓದುತ್ತ ನಡೆಯುವವರ ಹಾಗೆ.

ಕಾರ್ಯಕ್ರಮದ ದಿನ ಮಧ್ಯಾಹ್ನ ಸಭಾಂಗಣದಲ್ಲಿ ಕೊನೆಯ ಅಭ್ಯಾಸ. ಖಾಲಿ ಕುರ್ಚಿಗಳ ಸಾಲು, ಮೇಲಿನಿಂದ ಇಳಿದ ದೀಪಗಳ ಕಾವು. ಪೆಟ್ಟಿಗೆಯ ಪಕ್ಕದಲ್ಲಿ ಈಗ ಯಾರೂ ನಿಂತಿರಲಿಲ್ಲ. ಕಿವಿ ಕೆಳಗೆ ಮೊದಲ ಸಾಲಿನಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ, ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಅಕ್ಕ ಪದ್ಯ ಎತ್ತಿದಳು. *ತಡೆಯೆ ಹೊಳೆಯೆ ತುಸುವೆ ಹೊತ್ತು.* ಅಮ್ಮನ ಗಂಟಲೇ. ಕಿವಿ ಕಣ್ಣು ಮುಚ್ಚಿದಳು. ನೀರು ಮೊದಲ ಮೆಟ್ಟಿಲಿಗೆ ಬಂತು, ಎರಡನೆಯದಕ್ಕೆ ಬಂತು, ತಾಯಿ ಸೆರಗು ಎತ್ತಿ ಕಟ್ಟಿದಳು. ಅಷ್ಟರಲ್ಲಿ, ಬೇರೆ ಯಾರಿಗೂ ಕೇಳುವ ಮೊದಲೇ, ಅವಳಿಗೆ ಕೇಳಿತು. ಕೆಳಗಿನ ಸ್ವರ ಮೆಲ್ಲಗೆ ಜಾರುತ್ತಿತ್ತು.

ಇನ್ನೆರಡು ಸಾಲಿಗೆ ಎಲ್ಲರಿಗೂ ಕೇಳಿತು. ಅಕ್ಕನ ದನಿ ಒಂದು ಕಡೆ, ಪೆಟ್ಟಿಗೆ ಒಂದು ಕಡೆ. ಅಕ್ಕ ನಿಲ್ಲಿಸಿದಳು. ಅಭ್ಯಾಸಬಲದಿಂದ ಎಡಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.

"ಕಿವಿ! ಎಲ್ಲಿದೀಯ, ಬಾ!"

ಕಿವಿ ಮೆಟ್ಟಿಲು ಹತ್ತಿ ಓಡಿದಳು. ನಾಬ್ ಬೆರಳಿಗೆ ಸಿಕ್ಕಿತು, ತುಸುವೇ ತಿರುಗಿಸಿದಳು, ಎರಡು ಸ್ವರ ಒಂದಾದವು. ತಲೆ ಎತ್ತಿದರೆ ಅಕ್ಕ ಅವಳನ್ನೇ ನೋಡುತ್ತಿದ್ದಳು.

"ಬೋರ್ಡ್ ಕೈ ಕೊಡ್ತಾ ಚಿಕ್ಕಕ್ಕ?" ಎಂದ ಗಡಿಯಾರ ಡ್ರಮ್ಮುಗಳ ಹಿಂದಿನಿಂದ.

"ಹಳೇ ಪೆಟ್ಟಿಗೆ. ಅಷ್ಟು ಸುಲಭಕ್ಕೆ ಮಾತು ಕೇಳಲ್ಲ. ನಾನು ಪಕ್ಕದಲ್ಲೇ ಇರ್ತೀನಿ ಬಿಡಿ."

"ಹೊಳೆಯ ಪದ್ಯದಲ್ಲಿ ನಿಲ್ಲೋಕಾಗಲ್ವಲ್ಲ?"

"ಬೇರೆ ಪದ್ಯ ಓದಿದ್ರಾಯ್ತು."

ಅಕ್ಕ ಎದ್ದು, ಹಿಂದಿನ ಕೋಣೆಯ ಕಡೆ ನಡೆದಳು. ಬಾಗಿಲಲ್ಲಿ ನಿಂತು ಬೆರಳಿನಿಂದ ಕರೆದಳು.

ಕನ್ನಡಿ, ಎರಡು ಕುರ್ಚಿ, ಗೋಡೆಗೆ ಬಟ್ಟೆ ತೂಗುಹಾಕುವ ಮೊಳೆಗಳು. "ಬಾಗಿಲು ಹಾಕು," ಎಂದಳು ಅಕ್ಕ. ಕಿವಿ ಹಾಕಿದಳು.

"ನೀನು ನಕ್ಕೆ."

"ಯಾವಾಗ?"

"ಶ್ರುತಿ ತಪ್ಪಿದಾಗ."

"ಇಲ್ಲಪ್ಪ."

"ಸುಳ್ಳು ಹೇಳ್ಬೇಡ. ಚಿಕ್ಕವಳಿದ್ದಾಗಿನಿಂದ ನೋಡಿದೀನಿ. ಎಲ್ಲಾದ್ರೂ ಒಂದು ಸ್ವರ ತಪ್ಪಿದ್ರೆ ನಿನಗೆ ಹಲ್ಲು ನೋವು ಬಂದ ಹಾಗೆ ಮುಖ ಆಗುತ್ತೆ. ಇವತ್ತು ಮದುವೆ ಮನೆ ಥರ ಇತ್ತು."

ಕಿವಿ ಕನ್ನಡಿಯ ಕಡೆ ನೋಡಿದಳು. ಅಲ್ಲಿಯೂ ಅಕ್ಕನೇ ಇದ್ದಳು.

"ಅಂಟು ಹಚ್ಚಿಲ್ಲ," ಎಂದಳು.

"ಯಾವ ಅಂಟು?"

"ಹಚ್ಚಿದ್ರೆ ಶ್ರುತಿ ನಿಲ್ಲುತ್ತೆ. ಹಚ್ಚಿಲ್ಲ."

"ಯಾಕೆ?"

ಉತ್ತರಗಳು ಹಲವಿದ್ದವು. ಬಾಯಿಗೆ ಬಂದದ್ದು ಬೇರೆಯೇ. "ಅವನು ನಿನ್ನನ್ನ ಅಕ್ಕ ಅಂತಾನೆ."

ಅಕ್ಕ ಅವಳನ್ನೇ ನೋಡಿದಳು. ನಗು ಬರುವುದರಲ್ಲಿತ್ತು, ಬರಲಿಲ್ಲ. "ಅಷ್ಟಕ್ಕೆ ಅಮ್ಮನ ಪದ್ಯ ಹಾಳು ಮಾಡೋದಾ?"

"ನಿನಗೆ ನಾನು ಬೇಡವಾದೆ. ಪ್ರತಿ ಪದ್ಯದ ಕೊನೆಗೆ ನನ್ನ ನೋಡ್ತಿದ್ದೆ. ಇನ್ಮೇಲೆ ಯಾರನ್ನ ನೋಡ್ತೀಯ? ಅವನನ್ನ?"

"ನಿನ್ನನ್ನ ನೋಡ್ತಿದ್ದೆ ಅಂತ ಯಾರು ಹೇಳಿದ್ದು?" ಅಕ್ಕನ ದನಿ ಏರಿತು. "ನಿನ್ನ ಕೈ ನೋಡ್ತಿದ್ದೆ ಕಣೇ. ಕೈ ನಿಂತ್ರೆ ತಲೆ ಅಲ್ಲಾಡುತ್ತೆ, ತಲೆ ಅಲ್ಲಾಡಿದ್ರೆ ನಾನು ಬಾಯಿ ತೆಗೀಬಹುದು. ಪದ್ಯ ಮುಂದಕ್ಕೆ ಎಳೀತಿರುತ್ತೆ, ನಾನು ಹೊಸ್ತಿಲಲ್ಲಿ ನಿಂತು ನಿನ್ನ ಅಪ್ಪಣೆಗೆ ಕಾಯ್ತಿರ್ತೀನಿ. ಇಷ್ಟು ವರ್ಷ ನನ್ನ ಉಸಿರು ನಾನು ಎಳಕೊಂಡಿಲ್ಲ. ಜನ ಅದನ್ನ ಮೌನ ಅಂತಾರೆ. ನನಗೆ ಅದು ಕತ್ತು ಹಿಡಿದ ಹಾಗೆ."

ಕಿವಿ ಕುರ್ಚಿ ಎಳೆದು ಕೂತಳು. ತನ್ನ ಪಾಲಿನದೆಂದು ಜೋಪಾನ ಮಾಡಿಟ್ಟುಕೊಂಡದ್ದನ್ನೆಲ್ಲ ಅಕ್ಕ ಒಂದೇ ಉಸಿರಿಗೆ ಬಾಚಿ ಹೊರಗೆ ಚೆಲ್ಲಿದ್ದಳು.

"ಅಮ್ಮ ನಿನಗೆ ಗಂಟಲು ಕೊಟ್ಟಳು," ಎಂದಳು ಕಿವಿ.

"ನಿನಗೆ ಕಿವಿ ಕೊಡಲಿಲ್ವಾ?"

"ಕೊಟ್ಟಳು. ನಿನ್ನ ಗಂಟಲು ಕಾಯೋದಕ್ಕೆ."

ಹೊರಗೆ ಯಾರೋ ಮೈಕು ತಟ್ಟಿ ಪರೀಕ್ಷೆ ಮಾಡುತ್ತಿದ್ದರು. ಅಕ್ಕ ತಂಗಿಯ ತಲೆಯ ಮೇಲೆ ಕೈಯಿಡಲು ಬಂದವಳು ಅರ್ಧಕ್ಕೇ ಕೈ ತಡೆದಳು. ಈಗ ಹಾಗೆ ಮಾಡಿದರೆ ಏಟು ಕೊಟ್ಟ ಹಾಗಾಗುತ್ತದೆಂದು ಗೊತ್ತಿತ್ತು.

"ಅಂಟು ಒಣಗೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದಳು.

"ಸಂಜೆಯೊಳಗೆ ಒಣಗುತ್ತೆ."

"ಹಚ್ತೀಯೋ ಬಿಡ್ತೀಯೋ ನಿನಗೆ ಬಿಟ್ಟದ್ದು. ನಾನು ಬಂದು ನೋಡಲ್ಲ, ಕೇಳೋದೂ ಇಲ್ಲ. ಆದ್ರೆ ಇವತ್ತು ಓದಿದ್ರೆ ಆ ಪದ್ಯವನ್ನೇ ಓದ್ತೀನಿ. ತಪ್ಪಿದ್ರೆ ಎಲ್ಲರ ಎದುರಿಗೆ ತಪ್ಪಲಿ."

ಅವಳು ಹೊರಟುಹೋದಳು.

ಕಿವಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಹಚ್ಚದೆ ಇರುವುದು ಎಷ್ಟು ಸುಲಭ. ಪದ್ಯದ ನಡುವೆ ಅಕ್ಕ ತಡವರಿಸುತ್ತಾಳೆ, ಸಭೆ ಉಸಿರು ಹಿಡಿಯುತ್ತದೆ, ತಾನು ಕತ್ತಲಿಂದ ಬಂದು ನಾಬ್ ಹಿಡಿಯುತ್ತೇನೆ. ಅದನ್ನು ಕಣ್ಣ ಮುಂದೆ ತಂದುಕೊಂಡು ನೋಡಿದಳು. ಹಿತವಾಗಿತ್ತು. ಆದರೆ ಆ ಚಿತ್ರದಲ್ಲಿ ಹೊಳೆ ಎರಡನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಿತ್ತು. ಕೂಸು ಮಲಗಿದಲ್ಲೇ ಇತ್ತು. ಹೊಳೆಯ ಪದ್ಯವನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗುವುದು ಅವಳಿಗೆ ತಿಳಿಯದ ವಿದ್ಯೆ. ಅಮ್ಮ ಓದುವಾಗ ನಡುವೆ ಯಾರಾದರೂ ಎದ್ದರೆ ಅವರ ಸೆರಗು ಹಿಡಿದು ಕೂರಿಸುತ್ತಿದ್ದವಳು ಅವಳು.

ಎದ್ದು, ಬರುವಾಗ ಚೀಲಕ್ಕೆ ಹಾಕಿಕೊಂಡಿದ್ದ ಸ್ಕ್ರೂಡ್ರೈವರ್, ಅಂಟು ತೆಗೆದುಕೊಂಡು ವೇದಿಕೆಗೆ ಹೋದಳು. ದೀಪಗಳನ್ನು ಆರಿಸಿದ್ದರು. ಹಿಂದಿನ ಹಲಗೆ ತೆಗೆದು ಒಳಗೆ ಬಗ್ಗಿದರೆ ಏನೂ ಕಾಣದು. ಯಾರೋ ಪಕ್ಕದಿಂದ ಟಾರ್ಚು ಹಿಡಿದರು.

"ನಾನು ಕೇಳಿದ್ನಾ?" ಎಂದಳು ತಲೆ ಎತ್ತದೆ.

"ಕೇಳಿಲ್ಲ," ಎಂದ ಗಡಿಯಾರ. ಟಾರ್ಚು ಮಾತ್ರ ಅಲುಗಲಿಲ್ಲ. ಅವಳು ಬಿಡಿಭಾಗವನ್ನು ಬೆರಳಿನಿಂದ ಬಾಗಿಸಿ ಟ್ರಾನ್ಸಿಸ್ಟರುಗಳಿಗೆ ಒತ್ತಿ ಹಿಡಿದು ಅಂಟು ಹಚ್ಚಿದಳು. ಗಟ್ಟಿಯಾಗುವವರೆಗೆ ಹಾಗೇ ಒತ್ತಿ ಹಿಡಿದಿರಬೇಕಾಗಿತ್ತು. ಇಬ್ಬರೂ ಬಗ್ಗಿಕೊಂಡೇ ಇದ್ದರು.

"ಒಂದು ಮಾತು ಹೇಳ್ಲಾ?" ಎಂದ ಅವನು. "ಒಂದು ವರ್ಷದಿಂದ ಅವರ ಬಲಕ್ಕೆ ಕೂತು ಬಾರಿಸ್ತಿದೀನಿ. ಒಂದು ಸಲನಾದ್ರೂ ನನ್ನ ಕಡೆ ತಿರುಗಿದಾರಾ? ಯಾವಾಗ ನೋಡಿದ್ರೂ ಎಡಕ್ಕೆ. ಪದ್ಯ ಮುಗೀತಾ, ಎಡಕ್ಕೆ. ನಾನು ಏನು ಬಾರಿಸಿದ್ರೂ ಎಡಕ್ಕೆ. ಮೈ ಉರಿದುಹೋಗೋದು. ಅದಕ್ಕೇ ಈ ಬೋರ್ಡಿನ ಮಾತು ಎತ್ತಿದ್ದು."

ಕಿವಿ ಮೊದಲ ಬಾರಿಗೆ ಅವನ ಮುಖವನ್ನು ಸರಿಯಾಗಿ ನೋಡಿದಳು. ಅವನ ಮೈ ಉರಿದದ್ದು ಕೇಳಿ ಅವಳಿಗೆ ಒಂದು ಲೋಟ ತಣ್ಣೀರು ಕುಡಿದ ಹಾಗಾಯಿತು.

"ನನ್ನನ್ನೂ ನೋಡ್ತಿರಲಿಲ್ಲವಂತೆ," ಎಂದಳು. "ಕೈ ನೋಡ್ತಿದ್ದಳಂತೆ."

"ನನ್ನ ಕೈಯನ್ನೂ ನೋಡಿಲ್ಲ."

"ಟಾರ್ಚು ಸ್ವಲ್ಪ ಕೆಳಗೆ ಹಿಡೀರಿ."

ಸಂಜೆ ಸಭಾಂಗಣ ತುಂಬಿತು. ಕಿವಿ ನಡುವಿನ ಸಾಲಿನಲ್ಲಿ, ಗುರುತಿಲ್ಲದವರ ನಡುವೆ ಕೂತಳು. ಅಕ್ಕನನ್ನು ಎದುರಿನಿಂದ ನೋಡಿ ಎಷ್ಟೋ ವರ್ಷಗಳಾಗಿದ್ದವು. ಪಕ್ಕದಿಂದ ಕಾಣುತ್ತಿದ್ದದ್ದು ಒಂದು ಕೆನ್ನೆ, ಒಂದು ಓಲೆ. ಎದುರಿನಿಂದ ಅವಳು ವಯಸ್ಸಾದವಳ ಹಾಗೆ ಕಂಡಳು.

ಪದ್ಯ ಶುರುವಾಯಿತು. ಹೊಳೆ ಮೊದಲ ಮೆಟ್ಟಿಲಿಗೆ ಬಂತು. ಕಿವಿ ಪದ್ಯ ಕೇಳುತ್ತಿರಲಿಲ್ಲ, ಕೆಳಗಿನ ಸ್ವರವನ್ನೇ ಕಾಯುತ್ತಿದ್ದಳು. ಈಗ ಜಾರುತ್ತದೆ, ಇಗೋ ಈಗ. ಜಾರಲಿ ಎಂದೂ ಒಳಗೊಂದು ದನಿ ಬೇಡುತ್ತಿತ್ತು. ಅದನ್ನು ತಡೆಯುವುದು ಅವಳ ಕೈಯಲ್ಲಿರಲಿಲ್ಲ. ಎರಡನೆಯ ಮೆಟ್ಟಿಲು, ಮೂರನೆಯದು. ಸ್ವರ ಕಲ್ಲಿನ ಹಾಗೆ ನಿಂತಿತ್ತು. ಅದರ ಮೇಲೆ ಅಕ್ಕ ತಡೆಯಿಲ್ಲದೆ ಹರಿದಳು. ಇಂಥ ಅಕ್ಕನನ್ನು ಕಿವಿ ಕೇಳಿರಲಿಲ್ಲ. ಎಲ್ಲಿಯೂ ತಿರುಗಲಿಲ್ಲ ಅವಳು, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

ಪಕ್ಕದ ಕುರ್ಚಿಯ ಹೆಂಗಸು ಸದ್ದಿಲ್ಲದೆ ಅಳುತ್ತಿದ್ದಳು. ಅವಳಿಗೆ ಟ್ರಾನ್ಸಿಸ್ಟರು ಗೊತ್ತಿರಲಿಲ್ಲ, ಅಂಟು ಗೊತ್ತಿರಲಿಲ್ಲ, ಅಮ್ಮ ಗೊತ್ತಿರಲಿಲ್ಲ. ಬರಿಯ ಪದ್ಯ ಬಂದು ಅವಳನ್ನು ತಾಗಿತ್ತು. ಕಿವಿಗೆ ಈಗ ಅವಳ ಮೇಲೂ ಹೊಟ್ಟೆಕಿಚ್ಚಾಯಿತು.

ನೀರು ತಾಯಿಯ ಸೊಂಟಕ್ಕೆ ಬಂದಾಗ ಅಕ್ಕ ಒಂದು ಕಡೆ, ಪದದ ನಡುವೆ, ಉಸಿರು ಕದ್ದಳು. ಅಮ್ಮ ಅಲ್ಲಿ ಎಂದೂ ಉಸಿರೆಳೆದವಳಲ್ಲ. ಸಭೆಗೆ ತಿಳಿಯಲಿಲ್ಲ. ಕಿವಿ ಮಾತ್ರ ನೆಟ್ಟಗೆ ಕೂತಳು. ಅಲ್ಲಿಂದ ಮುಂದೆ ಪದ್ಯವನ್ನೇ ಕೇಳಿದಳು.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಜನರನ್ನೆಲ್ಲ ದಾಟಿಕೊಂಡು ಅವಳ ಹತ್ತಿರ ಬಂದಳು. ಹಣೆಯ ಮೇಲೆ ಬೆವರು. ಹಿಂದೆ ಗಡಿಯಾರ, ಅವನ ಹಿಂದೆ ಭಾವ.

"ಹೇಗಿತ್ತು?"

"ಸೊಂಟದ ನೀರಲ್ಲಿ ಉಸಿರು ಕದ್ದೆ."

"ಯಾರಿಗೂ ಗೊತ್ತಾಗಲಿಲ್ಲ."

"ನನಗೆ ಗೊತ್ತಾಯ್ತು."

ಅಕ್ಕ ಮುಖ ದಪ್ಪ ಮಾಡಿಕೊಂಡಳು. "ಅಲ್ಲಿ ಅಮ್ಮ ಹೇಗೆ ದಾಟ್ತಿದ್ದಳು?"

"ಅದಕ್ಕೆ ಹಿಂದಿನ ಸಾಲಲ್ಲೇ ತುಂಬಿಕೋಬೇಕು. ಹೇಳಿಕೊಡ್ತೀನಿ."

ಅಕ್ಕ ಹಣೆ ಒರೆಸಿಕೊಂಡು ಕೇಳಿದಳು: "ಶುಕ್ರವಾರ ಮತ್ತೆ ಓದೋದಿದೆ. ಬರ್ತೀಯಾ?"

ಇದುವರೆಗೆ ಅವಳು 'ಹೊರಡು' ಎನ್ನುತ್ತಿದ್ದಳು. ಬರುತ್ತೀಯಾ ಎಂದು ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಕಿವಿಗೆ ಆ ಪ್ರಶ್ನೆ ಚುಚ್ಚಿತು.

"ಅಂಗಡಿಯಲ್ಲಿ ಕೆಲಸ ಇದೆ," ಎಂದಳು.

ಅಕ್ಕನ ಮುಖ ಇಳಿಯಿತು. ನಿಜವಾಗಿ ಇಳಿಯಿತು, ಕೈಗಾಗಿ ಅಲ್ಲ, ನಾಬಿಗಾಗಿ ಅಲ್ಲ. ಅದನ್ನು ಕಿವಿ ಕಣ್ಣು ತುಂಬ ನೋಡಿಕೊಂಡಳು, ಅವಸರ ಮಾಡಲಿಲ್ಲ.

"ಸರಿ, ಬರ್ತೀನಿ. ಒಂದು ಕುರ್ಚಿ ಹಿಡಿದಿಡಿ."

"ಮೊದಲ ಸಾಲಲ್ಲೇ ಇಡಿಸ್ತೀನಿ ಚಿಕ್ಕಕ್ಕ," ಎಂದ ಗಡಿಯಾರ.

"ಅಲ್ಲಿ ಬೇಡ," ಎಂದಳು ಕಿವಿ. "ಅಲ್ಲಿ ಡ್ರಮ್ಮಿನ ಸದ್ದೇ ಜಾಸ್ತಿ."